ಜರಿ ಸುತ್ತಿದ ಬಳೆ

ಮೊಳಕಾಲ್ಮೂರು
11 ಏಪ್ರಿಲ್ 1999, ಭಾನುವಾರ

ಓಲ್ಡ್ ಮ್ಯಾನ್‌ಗೆ ಮಂಗಳಗೌರಿಯ ನಮಸ್ಕಾರ.

ಹೀಗೆ ಕರೆದೆನೆಂದು ಸಿಟ್ಟಾಗಬೇಡಿ. ಗಂಡನ ಹೆಸರು ಹಿಡಿದು ಕಾಗದ ಶುರು ಮಾಡುವ ರೂಢಿ ನಮ್ಮ ಮನೆಗಳಲ್ಲಿಲ್ಲ. ‘ಪ್ರೀತಿಯ’ ಎಂದು ಬರೆಯಲು ಹೋದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಮನೆಯಲ್ಲೇ ಸೆಟ್ಟು ಇಟ್ಟುಕೊಂಡು ದೂರದೂರದವರನ್ನು ಮಾತಾಡಿಸುವ ಹ್ಯಾಮ್ ರೇಡಿಯೊದವರು ಎದುರಿನ ಗಂಡಸು ಕಾಲೇಜು ಓದುವವನಾದರೂ ಅವನನ್ನು ಓಲ್ಡ್ ಮ್ಯಾನ್ ಎನ್ನುತ್ತಾರೆಂದು ನೀವೇ ಹೇಳಿಕೊಟ್ಟವರು. ಮದುವೆಯಾದ ಹೊಸದರಲ್ಲಿ ಅದನ್ನು ಕೇಳಿ ನಾನು ನಕ್ಕ ರಭಸಕ್ಕೆ ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿದ್ದರು. ನಿಮ್ಮನ್ನು ಕರೆಯಲು ಈಗ ನನ್ನ ಪಾಲಿಗೆ ಅದೊಂದೇ ಹೆಸರು ಉಳಿದಿದೆ.

ನಿಮ್ಮ ಕಾಗದ, ಅದರ ಜೊತೆಗೆ ವಕೀಲರ ವಿಚ್ಛೇದನದ ಪತ್ರಗಳು ಮಂಗಳವಾರ ಬಂದವು. ವಕೀಲರದ್ದು ನಾಲ್ಕು ಹಾಳೆ, ನಿಮ್ಮದು ಐದು ಸಾಲು. ‘ಹದಿನಾಲ್ಕು ತಿಂಗಳು ದಿನ ಬಿಡದೆ ಬೆಳಿಗ್ಗೆ ಆರೂವರೆಗೆ ಕರೆದೆ, ನೀನು ಒಂದು ದಿನವೂ ಉತ್ತರ ಕೊಡಲಿಲ್ಲ. ಅದನ್ನೇ ನಿನ್ನ ಉತ್ತರವೆಂದು ತಿಳಿದಿದ್ದೇನೆ. ಸೆಟ್ಟು ಮಾರಿದೆ, ತಿಂಗಳ ಕೊನೆಗೆ ಚಳ್ಳಕೆರೆಯ ಕೋಣೆ ಬಿಡುತ್ತೇನೆ. ನಿನ್ನ ಬಳೆಯನ್ನು ಎಣ್ಣೆ ಮಿಲ್ಲಿನ ಒಲೆಗೆ ಹಾಕಿದೆ. ಸಹಿ ಮಾಡಿ ಕಳಿಸು.’ ಐದನೆಯ ಸಾಲನ್ನು ಒಂದೇ ಸಲ ಓದಿದೆ. ನಾಲ್ಕನೆಯದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಸಹಿ ಮಾಡಿದ್ದೇನೆ. ಇದರ ಜೊತೆಗೇ ಇಟ್ಟಿದ್ದೇನೆ. ಕೋರ್ಟಿನ ಕೆಲಸಕ್ಕೆ ನೀವು ಈ ಕಾಗದ ಓದಬೇಕಾಗಿಲ್ಲ. ಆದರೂ ಓದಿ. ನಿಮ್ಮನ್ನು ವಾಪಸು ಬನ್ನಿ ಎಂದು ಕರೆಯಲು ಬರೆಯುತ್ತಿಲ್ಲ. ನಿಮ್ಮ ಮೇಲೆ ಆಸೆ ಇಲ್ಲವೆಂದಲ್ಲ. ಇದನ್ನು ಓದಿದ ಮೇಲೆ ನೀವು ಬರುವುದಿಲ್ಲವೆಂಬುದು ನನಗೆ ಗೊತ್ತಿದೆ, ಅಷ್ಟೆ.

ಮೊದಲು ಆರೂವರೆಯ ಮಾತು ಮುಗಿಸುತ್ತೇನೆ. ಅವತ್ತು ಮಾವನವರ ಜೊತೆ ಜಗಳವಾಡಿ ಮನೆ ಬಿಟ್ಟು ಹೊರಟಾಗ ನೀವು ನನ್ನನ್ನೂ ಕರೆದಿರಿ. ನಾನು ಬರುವುದಿಲ್ಲ ಎಂದೆ. ಯಾಕೆ ಎಂದು ಕೇಳಿದಿರಿ, ಹೇಳಲಿಲ್ಲ. ಆಗ ನೀವು, ಮನಸ್ಸು ಬದಲಾದರೆ ಕೇಳು, ದಿನಾ ಆರೂವರೆಗೆ ನಮ್ಮ ಜಾಗದಲ್ಲಿ, ನಮ್ಮಿಬ್ಬರ ಫ್ರೀಕ್ವೆನ್ಸಿಯಲ್ಲಿ, ಕರೆಯುತ್ತೇನೆ ಎಂದು ಹೇಳಿ ಹೋದಿರಿ. ನಮ್ಮಿಬ್ಬರ ಸೆಟ್ಟಿಗೂ ಒಂದೇ ಅಳತೆಯ ಕ್ರಿಸ್ಟಲ್ ಹಾಕಿದವರು ನೀವೇ, ಜಾಗ ತಪ್ಪುವ ಮಾತೇ ಇರಲಿಲ್ಲ. ಮರುವಾರವೇ ನಾನು ಮಾಳಿಗೆ ಮೇಲೆ ಬಟ್ಟೆ ಒಣಹಾಕುವ ನೆಪದಲ್ಲಿ ಆಂಟೆನಾಕ್ಕೆಂದು ಉದ್ದಕ್ಕೆ ತಾಮ್ರದ ತಂತಿ ಕಟ್ಟಿದೆ. ಮಾವನವರು ಅದನ್ನು ಇವತ್ತಿಗೂ ಬಟ್ಟೆ ತಂತಿ ಎಂದೇ ತಿಳಿದಿದ್ದಾರೆ. ಅವರ ಪಂಚೆಯೇ ಅದರ ಮೇಲೆ ಒಣಗುತ್ತದೆ. ದಿನಾ ಬೆಳಿಗ್ಗೆ ಆರೂಕಾಲಿಗೆ ಹೆಡ್‌ಫೋನ್ ಹಾಕಿಕೊಂಡು ಏಳರವರೆಗೆ ಕೂತಿದ್ದೇನೆ. ಹೈದರಾಬಾದಿನವರು ಕೇಳಿಸಿದರು, ಮಂಗಳೂರಿನವರು ಕೇಳಿಸಿದರು, ಯಾರೋ ರಷ್ಯಾದವನೂ ಕೇಳಿಸಿದ. ಒಂದು ಗಂಟೆಯ ಬಸ್ಸಿನ ದಾರಿಯಲ್ಲಿದ್ದ ನೀವು ಮಾತ್ರ ಕೇಳಿಸಲಿಲ್ಲ.

ನೀವು ಕರೆಯುತ್ತಲೇ ಇಲ್ಲ ಎಂದುಕೊಂಡೆ. ಮಾತಿಗೆ ಹೇಳಿ ಹೋದರು, ಮರೆತರು ಎಂದುಕೊಂಡೆ. ನಾನೇ ಮೋರ್ಸ್ ಕೀ ಒತ್ತಿ ಕರೆಯಬಹುದಿತ್ತಲ್ಲ ಎಂದು ಕೇಳುತ್ತೀರಿ. ನಿಜ ಹೇಳಬೇಕೆಂದರೆ, ಏಳು ಗಂಟೆಗೆ ಹೆಡ್‌ಫೋನ್ ತೆಗೆದಿಡುವಾಗ ಪ್ರತಿದಿನವೂ ನನಗೆ ಸಮಾಧಾನವಾಗುತ್ತಿತ್ತು. ಇವತ್ತೂ ಕರೆಯಲಿಲ್ಲ, ಇವತ್ತೂ ಹೇಳುವುದು ತಪ್ಪಿತು ಎಂದು. ನೀವು ಕರೆದ ದಿನ ಎಲ್ಲವನ್ನೂ ಹೇಳಿಬಿಡುತ್ತೇನೆಂದು ದೇವರ ಮುಂದೆ ಹೇಳಿಕೊಂಡಿದ್ದೆ. ಕರೆ ಬಾರದೆ ಇದ್ದದ್ದು ನನಗೆ ಅನುಕೂಲವೇ ಆಯಿತು. ಎಂಥ ಹೆಂಗಸು ನೋಡಿ ನಾನು.

ಹೇಳಬೇಕಾಗಿದ್ದದ್ದು ಬಳೆಯ ವಿಷಯ. ಅದರ ಕಥೆ ನಿಮಗೆ ಅರ್ಧ ಮಾತ್ರ ಗೊತ್ತು.

ನನಗೆ ರೇಡಿಯೊ ಲೈಸೆನ್ಸ್ ಬಂದ ವರ್ಷ ನೆನಪಿರಬೇಕು. ಮೂರು ವ್ಯಾಟಿನ ಸೆಟ್ಟು ನಮ್ಮ ಕೋಣೆಯಲ್ಲಿ ಆರು ತಿಂಗಳು ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಮಾಳಿಗೆ ಮೇಲೆ ತಂತಿ ಕಟ್ಟಿದರೆ ಸಿಡಿಲು ಬಡಿದು ಗೋದಾಮಿನ ರೇಷ್ಮೆ ಸುಟ್ಟುಹೋಗುತ್ತದೆಂದು ಮಾವನವರು ಹಟ ಹಿಡಿದಿದ್ದರು. ಹತ್ತಕ್ಕೆ ಎಂಟಡಿಯ ಕೋಣೆ, ಅದರಲ್ಲೇ ಮಂಚ, ಅದರಲ್ಲೇ ಬೀರು. ಅಂಥ ಜಾಗಕ್ಕೂ ಒಂದು ಆಂಟೆನಾ ಇದೆ, ಬಳೆಯ ಹಾಗೆ ಒಂದೇ ಸುತ್ತು, ಗೋಡೆಗೆ ಒರಗಿಸಿಟ್ಟರೆ ಸಾಕು ಎಂದು ನೀವು ಊಟಕ್ಕೆ ಕೂತಾಗ ಹೇಳಿದಿರಿ. ಆದರೆ ಬಳೆ ಚಿಕ್ಕದು, ಇರುವ ಮೂರು ವ್ಯಾಟು ಲೋಹದೊಳಗೇ ಬಿಸಿಯಾಗಿ ಸತ್ತುಹೋಗುತ್ತದೆ, ಅದಕ್ಕೆ ದಪ್ಪ ತಾಮ್ರದ ಕೊಳವೆ ಬೇಕು ಎಂದಿರಿ. ಮಾವನವರು ಕೊಳವೆಯನ್ನೂ ಬೇಡವೆಂದರು. ನೀವು ಅನ್ನ ಕಲಸುತ್ತ, ‘ತಾಮ್ರಕ್ಕಿಂತ ಬೆಳ್ಳಿ ವಾಸಿ, ಆದ್ರೆ ಅದು ನಮ್ ಹಣೇಲಿ ಬರ್ದಿಲ್ಲ ಬಿಡು’ ಎಂದು ನಕ್ಕಿರಿ. ಆ ನಗು ನನಗೆ ಸಹಿಸಲಾಗಲಿಲ್ಲ.

ಬೆಳ್ಳಿ ಎಂದ ಕೂಡಲೇ ಜರಿಯ ಮನೆಯ ಸೊಸೆಗೆ ಇನ್ನೇನು ಹೊಳೆಯಬೇಕು? ಅಸಲಿ ಜರಿಯೆಂದರೆ ಬೆಳ್ಳಿ ಎಂದು ಮಾವನವರು ದಿನಾ ಗಿರಾಕಿಗಳಿಗೆ ಹೇಳುವುದನ್ನು ಕೇಳಿದವಳು ನಾನು. ಅದು ರೇಷ್ಮೆ ಎಳೆಗೆ ಸುತ್ತಿದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಬೆಳ್ಳಿ, ನಿಮ್ಮ ಬಳೆಗೆ ಬೇಕಾದ ದಪ್ಪ ಅದರಲ್ಲಿ ಎಲ್ಲಿಂದ ಬರಬೇಕು ಎಂದು ಯೋಚಿಸುವಷ್ಟು ಬುದ್ಧಿ ಇರಲಿಲ್ಲ. ಬಿದಿರಿನ ದಬ್ಬೆ ಬಗ್ಗಿಸಿ ಗಜದಗಲದ ಬಳೆ ಮಾಡಿಸಿದೆ. ಅದರ ಸುತ್ತ ಎಂಟು ರೀಲು ಜರಿ ಹಾಸಿದೆ. ಮೇಲೆ ಹಳದಿ ಬಟ್ಟೆ ಸುತ್ತಿ, ಬಿಗಿಯಾಗಿ ಹೊಲಿದು, ನಾಗರಪಂಚಮಿಯ ದಿನ ನಿಮ್ಮ ಮುಂದಿಟ್ಟೆ. ಜರಿ ಎಲ್ಲಿಯದು ಎಂದು ಕೇಳಿದಿರಿ. ನಮ್ಮವ್ವನ ಹಳೇ ಸೀರೆಗಳನ್ನು ಬೆಳ್ಳಿಗಾಗಿ ಸುಡುವವನಿಗೆ ಕೊಡುವ ಬದಲು ಬಿಚ್ಚಿದೆ ಎಂದೆ. ಅದು ಸುಳ್ಳು.

ಆ ಎಂಟು ರೀಲು ನಮಗೆ ನೇಯುವ ಪೆದ್ದಣ್ಣನವು.

ಮಾವನವರ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ನೇಕಾರರಿಗೆ ಜರಿ ಕೊಡುವ ಹಿಂದಿನ ದಿನ ತೂಕ ಮಾಡಿ, ಒಂದೊಂದು ರೀಲಿನ ಚೀಟಿಯ ಮೇಲೂ ಅಂಗಡಿಯ ಮೊಹರು ಒತ್ತಿ, ಯಾರ ಮಗ್ಗಕ್ಕೆ, ಯಾವ ತಾರೀಕು ಎಂದು ತಮ್ಮ ಕೈಯಲ್ಲೇ ಬರೆದು ಚೀಲಕ್ಕೆ ತುಂಬಿಡುತ್ತಾರೆ. ಆ ಚೀಲಗಳು ನಮ್ಮ ಕೋಣೆಯ ಪಕ್ಕದಲ್ಲೇ ಇರುತ್ತಿದ್ದವು. ಪೆದ್ದಣ್ಣನ ಚೀಲದಿಂದ ಎಂಟು ರೀಲು ತೆಗೆದು, ಚಳ್ಳಕೆರೆಯ ಕುಚ್ಚಿನ ಅಂಗಡಿಯಿಂದ ತಂದಿದ್ದ ಡೂಪ್ಲಿಕೇಟ್ ಜರಿ ಅಷ್ಟೇ ತೂಕಕ್ಕೆ ಇಟ್ಟೆ. ಚೀಟಿಗಳನ್ನು ಒದ್ದೆ ಮಾಡಿ ಬಿಡಿಸಿ ಡೂಪ್ಲಿಕೇಟ್ ರೀಲುಗಳಿಗೆ ಅಂಟಿಸಿದೆ. ಒಂದು ಸೀರೆ, ಅಂಗಡಿಯ ರ‍್ಯಾಕಿನಲ್ಲಿ ನೂರರ ನಡುವೆ ಸೇರಿಹೋಗುತ್ತದೆ, ಯಾರಿಗೆ ಏನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನದನ್ನು ಬರೆಯುವುದು ಕಷ್ಟ. ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ.

ಪೆದ್ದಣ್ಣ ನಾಲ್ಕನೆಯ ದಿನ ಹಿತ್ತಲ ಬಾಗಿಲಿಗೆ ಬಂದ. ಮಾವನವರು ಊರಲ್ಲಿರಲಿಲ್ಲ, ನೀವು ಅಂಗಡಿಯಲ್ಲಿದ್ದಿರಿ. ನಲವತ್ತು ವರ್ಷ ಜರಿ ಮುಟ್ಟಿದ ಕೈಗೆ ಗೊತ್ತಾಗದೆ ಇರುತ್ತದೆಯೇ? ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ‘ಅಮ್ಮಾ, ಈ ಸಲದ ಜರಿ ಯಾಕೋ ಕೈಗೆ ಬ್ಯಾರೆ ಹತ್ತತೈತೆ. ಸಾವ್ಕಾರ್ರನ್ನ ಒಂದ್ ಮಾತು ಕೇಳ್ತೀರಾ?’ ಎಂದ. ನಾನು, ಕೇಳುವುದೇನೂ ಬೇಡ, ಹೊಸ ಮಾಲು, ಅವರೇ ತರಿಸಿದ್ದು, ಸುಮ್ಮನೆ ನೇಯಿರಿ ಎಂದೆ. ಸಾಹುಕಾರರ ಸೊಸೆ ಹೇಳಿದ ಮೇಲೆ ಮುಗಿಯಿತು. ‘ಸರೆಮ್ಮಾ’ ಎಂದು ತೆಲುಗಿನಲ್ಲಿ ಹೇಳಿ ಹೊರಟುಹೋದ.

ಆ ಸೀರೆ ರ‍್ಯಾಕಿಗೆ ಹೋಗಲಿಲ್ಲ. ಮಾವನವರು ಅದನ್ನೇ ಬಿ.ಜಿ. ಕೆರೆಯ ಮದುವೆ ಮನೆಗೆ ಆರಿಸಿದರು. ಧಾರೆಗೆ ಮುಂಚೆ ಹುಡುಗಿಯ ತಾಯಿ ಸೆರಗಿನ ತುದಿಯಿಂದ ಒಂದೆಳೆ ಎಳೆದು ದೀಪಕ್ಕೆ ಹಿಡಿದಳು. ಪ್ಲಾಸ್ಟಿಕ್ಕು ಮುದುಡಿಕೊಂಡು ವಾಸನೆ ಬಂತು. ಮರುದಿನ ನಮ್ಮ ಪಡಸಾಲೆಯಲ್ಲಿ ನಡೆದದ್ದನ್ನು ನೀವೇ ಕಂಡಿದ್ದೀರಿ. ಊರಿನ ಜರಿ ವ್ಯಾಪಾರಿಗಳೆಲ್ಲ ಅಸಲಿ ಜರಿ ಕದ್ದವನು ಪೆದ್ದಣ್ಣನೇ ಎನ್ನುತ್ತ ಕೂತಿದ್ದರು. ಪೆದ್ದಣ್ಣ, ‘ನನ್ ಮಗ್ಗದಾಣೆ ಸಾವ್ಕಾರ್ರೆ, ನೀವ್ ಕೊಟ್ಟಿದ್ದೇ ನೇಯ್ದಿದೀನಿ’ ಎಂದು ಒಂದೇ ಮಾತು ಹೇಳಿದ. ಜರಿ ಬೇರೆ ಎಂದು ಗೊತ್ತಾಗಲಿಲ್ಲವೇನೋ ಎಂದು ಮಾವನವರು ಗದರಿದರು. ಆಗ ಅವನು ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ನೋಡಿದ. ಒಂದು ಗಳಿಗೆ, ಅಷ್ಟೆ. ಸೊಸೆಯಮ್ಮ ಹೇಳಿದರು ಎಂದರೆ ಮುಗಿದುಹೋಗುತ್ತಿತ್ತು. ಹತ್ತು ಗಂಡಸರ ನಡುವೆ ಮನೆಯ ಹೆಣ್ಣುಮಗಳ ಹೆಸರು ಎತ್ತಲು ಅವನ ಬಾಯಿ ಬರಲಿಲ್ಲ. ನಾನೇ ಬಾಗಿಲು ದಾಟಿ ಬರುತ್ತೇನೆಂದು ಕಾದನೇನೋ. ನಾನು ದಾಟಲಿಲ್ಲ. ಅವತ್ತು ಅವನ ಪರವಾಗಿ ನಿಂತವರು ನೀವೊಬ್ಬರೇ. ಆ ಸಿಟ್ಟಿನಲ್ಲೇ ಅಪ್ಪನ ಮನೆ ಬಿಟ್ಟಿರಿ. ಕಳ್ಳಿಯನ್ನು ಜೊತೆಗೆ ಬಾ ಎಂದು ಕರೆದಿರಿ. ಹೇಗೆ ಬರಲಿ, ಹೇಳಿ.

ನೀವು ಹೊರಟಾಗ ಬಳೆ ನನಗಿರಲಿ ಎಂದಿರಿ. ಮಿಲ್ಲಿನ ಹಿಂದಿನ ಕೋಣೆಯಲ್ಲಿ ತಂತಿ ಕಟ್ಟಲು ಮಾಲೀಕ ಬಿಡುವುದಿಲ್ಲ, ಇದಾದರೆ ಕಿಟಕಿಗೆ ಒರಗಿಸಬಹುದು, ಅಲ್ಲದೆ ನೀನು ಮಾಡಿದ್ದು ಎಂದಿರಿ. ಅದನ್ನು ಬಸ್ಸಿನ ಟಾಪಿನ ಮೇಲೆ ಈರುಳ್ಳಿ ಮೂಟೆಗಳ ನಡುವೆ ಕಟ್ಟಿದ್ದನ್ನು ನಾನು ಮಾಳಿಗೆಯಿಂದ ನೋಡುತ್ತಿದ್ದೆ. ನನ್ನ ಲೆಕ್ಕದಲ್ಲಿ ಜರಿ ಹರಿದದ್ದು ಅಲ್ಲೇ. ನಿಮ್ಮ ಕಾಗದ ಬಂದ ದಿನ ಗೋದಾಮಿನಿಂದ ಒಂದೆಳೆ ಜರಿ ತಂದು, ಕರೆಂಟು ಹರಿಯುತ್ತದೆಯೇ ಎಂದು ನಿಮ್ಮ ಹಳೇ ಮೀಟರಿಗೆ ಹಚ್ಚಿ ನೋಡಿದೆ. ನೆಟ್ಟಗೆ ಹಿಡಿದಾಗ ಮುಳ್ಳು ಆಡಿತು. ಎರಡು ಸಲ ಮಡಚಿ ಬಿಡಿಸಿದೆ, ಮುಳ್ಳು ಬಿದ್ದುಹೋಯಿತು. ಒಳಗಿನ ರೇಷ್ಮೆ ಗಟ್ಟಿಯಾಗಿರುತ್ತದೆ, ಆದ್ದರಿಂದ ಎಳೆ ಹರಿದಂತೆ ಕಾಣುವುದೇ ಇಲ್ಲ. ಹೊರಗಿನ ಬೆಳ್ಳಿ ಮಾತ್ರ ಹರಿದಿರುತ್ತದೆ. ಹರಿದ ಬಳೆಯಲ್ಲೂ ದೊಡ್ಡ ಸ್ಟೇಷನ್ನುಗಳು ನಿಮಗೆ ಕೇಳಿಸುತ್ತಿದ್ದವಲ್ಲ, ಅದಕ್ಕೇ ನಿಮಗೆ ಅನುಮಾನ ಬಂದಿಲ್ಲ. ನೀವು ಹದಿನಾಲ್ಕು ತಿಂಗಳು ಕೂಗಿದ್ದು ಆ ಕೋಣೆಯ ಕಿಟಕಿಯನ್ನೇ ದಾಟಿಲ್ಲ. ಬಟ್ಟೆ ಬಿಚ್ಚಿ ಒಮ್ಮೆ ನೋಡಿದ್ದರೆ ಸಾಕಿತ್ತು. ನನ್ನ ಹೊಲಿಗೆ ಬಿಚ್ಚಲು ನಿಮಗೆ ಮನಸ್ಸು ಬರಲಿಲ್ಲವೇನೋ.

ಅದು ಗಟ್ಟಿಯಾಗಿದ್ದಾಗಲೂ ಎಷ್ಟರದು ಬಿಡಿ. ನಮ್ಮ ಕೋಣೆಯಲ್ಲಿ ಆರು ತಿಂಗಳಲ್ಲಿ ಒಬ್ಬರೇ ಒಬ್ಬರು, ಅನಂತಪುರದ ಮೇಷ್ಟ್ರು, ತುಂಬ ಮೆಲ್ಲಗೆ ಕೇಳಿಸುತ್ತಿದೆ ಎಂದಿದ್ದರು. ಅವತ್ತು ನೀವು ಮೈಸೂರು ಪಾಕು ತಂದಿರಿ. ಜರಿಯಿಂದ ಆಗುವ ಕೆಲಸವಲ್ಲ ಎಂದು ನಿಮಗೆ ಮೊದಲ ದಿನವೇ ಗೊತ್ತಿತ್ತು ಅಲ್ಲವೇ? ಗೊತ್ತಿದ್ದೂ ನನ್ನ ಮುಖ ನೋಡಿ ಬಹಳ ಚೆನ್ನಾಗಿದೆ ಎಂದಿರಿ. ಕೈ ಹತ್ತಿರ ಬಂದರೂ ಟ್ಯೂನ್ ತಪ್ಪುತ್ತದೆಂದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ‘ನೀನು ಅಲ್ಲೇ ನಿಂತ್ಕಂಡ್ರೆ ಬಳೆ ಮಾತಾಡ್ತೈತೆ ಕಣೇ’ ಎಂದು ನನ್ನನ್ನು ಗೆರೆಯ ಆಚೆ ನಿಲ್ಲಿಸುತ್ತಿದ್ದಿರಿ. ಆ ಗೆರೆ ಈಗಲೂ ಇದೆ. ನೆಲ ಒರೆಸುವಾಗ ಅಷ್ಟು ಜಾಗ ಬಿಡುತ್ತೇನೆ. ಅಂಥ ಕೆಲಸಕ್ಕೆ ಬಾರದ ಬಳೆಗಾಗಿ ಒಬ್ಬನ ಜೀವ ತೆಗೆದೆ.

ಹೌದು, ಪೆದ್ದಣ್ಣ ತೀರಿಕೊಂಡ. ಯುಗಾದಿ ಆದ ಎರಡನೆಯ ದಿನ. ನಿಮಗೆ ಯಾರೂ ಹೇಳಿರಲಾರರು. ಅವತ್ತು ಪಡಸಾಲೆಯಿಂದ ಮನೆಗೆ ಹೋದವನೇ ಮಗ್ಗದ ಮೇಲಿನ ಹಾಸಿನ ಎಳೆಗಳನ್ನು ತಾನೇ ಕತ್ತರಿಸಿದನಂತೆ. ಕಾಲಿಡುವ ಗುಂಡಿಗೆ ಹಿತ್ತಲ ಮಣ್ಣು ತುಂಬಿ ಸಾರಿಸಿದನಂತೆ. ಆಮೇಲೆ ಬೋರ್‌ವೆಲ್ ಲಾರಿಯ ಹಿಂದೆ ಕೂಲಿಗೆ ಹೋದ. ಆ ಧೂಳಿಗೆ ಎದೆ ಕಟ್ಟಿತು. ಹತ್ತು ಕೆ.ಜಿ. ಪೈಪು ಎತ್ತದ ಮೈ ಅದು, ನಾಜೂಕಿನ ಕೆಲಸದ ಮೈ.

ಹನ್ನೊಂದನೆಯ ದಿನ ಕಳೆದ ಮೇಲೆ ನಾನು ಅವರ ಮನೆಗೆ ಹೋದೆ. ಅವನ ಹೆಂಡತಿ ಪಾತಮ್ಮನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ, ಹಾಗಾದರೆ ಒಳ್ಳೆಯದು ಅಂತಲೂ ಅನ್ನಿಸಿತು. ಸಾರಿಸಿದ ಆ ಜಾಗವನ್ನು ಅಂಗೈಯಲ್ಲಿ ಸವರಿ, ‘ಈಗ್ಯಾಕೆ ಹೇಳ್ತೀ ತಾಯಿ? ಗುಂಡಿ ಮುಚ್ಚೈತೆ’ ಎಂದಳು.

ಅವಳಿಗೂ ನೇಯಲು ಬರುತ್ತದೆ. ಮಣ್ಣು ತೆಗೆಸಿ ಮಗ್ಗಕ್ಕೆ ಕೂರಬಲ್ಲಳು. ಆದರೆ ಕಳ್ಳನ ಮನೆಗೆ ಈ ಊರಿನಲ್ಲಿ ಯಾರೂ ರೇಷ್ಮೆ ಕೊಡುವುದಿಲ್ಲ. ಅದೇ ದಿನ ಮಾವನವರಿಗೂ ಅತ್ತೆಗೂ ಹೇಳಿದೆ. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡು, ಮನೆಯ ಮಾತು ಮನೆಯಲ್ಲಿರಲಿ, ಸತ್ತವನು ಎದ್ದು ಬರುವುದಿಲ್ಲ ಎಂದರು. ಅತ್ತೆ ಎರಡು ದಿನ ನನ್ನ ಕೈಯ ನೀರು ಮುಟ್ಟಲಿಲ್ಲ, ಮೂರನೆಯ ದಿನ ಏನೂ ಆಗದವರಂತೆ ಕಾಫಿ ಕೇಳಿದರು. ಕೊನೆಗೆ ಪೇಟೆಯ ಇನ್ನೊಬ್ಬ ವ್ಯಾಪಾರಿ ಬೊಮ್ಮಲಿಂಗಪ್ಪನವರ ಅಂಗಡಿಗೇ ಹೋದೆ. ಗಂಡ ಬಿಟ್ಟುಹೋದ ಹೆಂಗಸು, ತಲೆ ಕೆಟ್ಟಿದೆ ಎಂಬಂತೆ ಕೇಳಿಸಿಕೊಂಡರು. ನಿಮ್ಮ ಮಾವನವರೇ ಹೇಳಲಿ, ಇಲ್ಲವೇ ನಂಬುವಂಥ ಗುರುತು ಏನಾದರೂ ತೋರಿಸಿ, ಪಾತಮ್ಮನ ಮಗ್ಗಕ್ಕೆ ಮಾಲು ಕೊಡುವುದು ನನ್ನ ಜವಾಬ್ದಾರಿ ಎಂದರು. ಮಾವನವರು ಹೇಳುವುದಿಲ್ಲ. ಗುರುತು ನನ್ನ ಕೈಯಲ್ಲಿಲ್ಲ.

ಹೀಗಿದೆ ನೋಡಿ. ಪೆದ್ದಣ್ಣನಿಗಾಗಿ ನೀವು ಮನೆ ಬಿಟ್ಟಿರಿ, ಅವನ ಜರಿಯನ್ನೇ ಹೆಗಲಿಗೆ ಹಾಕಿಕೊಂಡು ಹೋದಿರಿ, ಅದರಲ್ಲೇ ನನ್ನನ್ನು ಕರೆದಿರಿ. ಮೊದಲ ತಿಂಗಳಲ್ಲೇ ನಿಮ್ಮ ಕರೆ ಕೇಳಿಸಿದ್ದರೆ ನಾನು ಹೇಳಿರುತ್ತಿದ್ದೆ, ಅವನು ಬದುಕಿರುತ್ತಿದ್ದ ಎಂದು ಬರೆಯೋಣ ಎನ್ನಿಸುತ್ತದೆ. ಬರೆಯುವುದಿಲ್ಲ. ಹೇಳಿರುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಒಂದು ಮಾತ್ರ ಎದೆಗೆ ಚುಚ್ಚುತ್ತದೆ. ಮಾಳಿಗೆ ಮೇಲಿನ ಬಟ್ಟೆ ತಂತಿಯ ಉಪಾಯ ನನಗೆ ಎರಡು ವರ್ಷದ ಹಿಂದೆಯೇ ಹೊಳೆದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಾಲ್ಕು ಮಾರು ತಂತಿ, ಎರಡು ಮೊಳೆ.

ನೀವು ಕರೆಯುವುದನ್ನು ನಿಲ್ಲಿಸಿದ್ದೀರೆಂದು ಗೊತ್ತಿದ್ದೂ ಇವತ್ತು ಆರೂವರೆಗೆ ಕೂತಿದ್ದೆ. ಮೊದಲ ಸಲ ನಾನೇ ನಿಮ್ಮ ರೇಡಿಯೊ ಹೆಸರು, ಆ ಕಾಲ್‌ಸೈನ್ ಒತ್ತಿದೆ, ಮೂರು ಸಲ. ಮಾರಿದ ಸೆಟ್ಟು ಯಾರ ಮನೆಯಲ್ಲಿದೆಯೋ. ಅನಂತಪುರದ ಮೇಷ್ಟ್ರು ಉತ್ತರ ಕೊಟ್ಟರು, ನಿಮ್ಮ ಸಿಗ್ನಲ್ ಬಹಳ ಚೆನ್ನಾಗಿದೆ ಎಂದರು. ನಿಮ್ಮ ಓಲ್ಡ್ ಮ್ಯಾನ್ ಚೆನ್ನಾಗಿದ್ದಾರಾ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದು ಒತ್ತಿ ಸೆಟ್ಟು ಆರಿಸಿದೆ.

ನಾನು ಮೊದಲೆಲ್ಲ ಚೀಟಿಗಳ ಕೊನೆಗೆ 88 ಎಂದು ಬರೆದು ನಿಮ್ಮ ಅಂಗಿಯ ಜೇಬಿನಲ್ಲಿಡುತ್ತಿದ್ದೆ. ರೇಡಿಯೊದವರ ಭಾಷೆಯಲ್ಲಿ ಅದಕ್ಕೆ ಪ್ರೀತಿ, ಮುತ್ತು ಎಂದು ಅರ್ಥವೆಂದು ನೀವು ಹೇಳಿಕೊಟ್ಟ ದಿನ ನನ್ನ ಕಿವಿ ಬಿಸಿಯಾಗಿತ್ತು. ಇವತ್ತು, ಯಾರಿಗೆ ಬೇಕಾದರೂ ಹೇಳುವ ಬರಿಯ ಶುಭಾಶಯದ 73 ಬರೆಯುತ್ತೇನೆ. ಆರೋಗ್ಯ ನೋಡಿಕೊಳ್ಳಿ. ಮಿಲ್ಲಿನ ಹೊಗೆಗೆ ನಿಮಗೆ ಕೆಮ್ಮು ಬೇಗ ಹತ್ತುತ್ತದೆ.

73,
ಮಂಗಳಗೌರಿ

ವಿ.ಸೂ.: ಗುರುತು ನನ್ನ ಕೈಯಲ್ಲಿಲ್ಲ ಎಂದೆ, ಎಲ್ಲೂ ಇಲ್ಲ ಎನ್ನಲಿಲ್ಲ. ಎಂಟು ಚೀಟಿಗಳಲ್ಲಿ ಏಳು ಬಿಟ್ಟವು, ಎಂಟನೆಯದು ಎಷ್ಟು ನೆನೆಸಿದರೂ ಅಸಲಿ ರೀಲಿನ ಕೊಳವೆಯನ್ನು ಬಿಡಲಿಲ್ಲ, ಅದರ ಬದಲಿನ ರೀಲು ಚೀಟಿಯಿಲ್ಲದೆಯೇ ಚೀಲಕ್ಕೆ ಹೋಯಿತು. ಪೆದ್ದಣ್ಣನ ಹೆಸರು, ತಾರೀಕು, ಅಂಗಡಿಯ ಮೊಹರು, ಮಾವನವರ ಅಕ್ಷರ, ಎಲ್ಲ ಅದರ ಮೇಲಿದೆ. ನೀವು ಹೊರಡುವ ದಿನ ಬೆಳಿಗ್ಗೆ, ಬಾಯಲ್ಲಿ ಹೇಳಲಾಗದ್ದನ್ನು ನೀವೇ ನೋಡಿಕೊಳ್ಳಲಿ ಎಂದು, ಬಳೆಯಲ್ಲಿ ಟ್ಯೂನ್ ಮಾಡುವ ಕಂಡೆನ್ಸರ್ ಕೂರಿಸಿದ ಜಾಗದ ಕೆಳಗೆ ಬಟ್ಟೆ ಬಿಚ್ಚಿ, ಆ ಕೊಳವೆಯನ್ನು ಒಳಗಿಟ್ಟು ಮತ್ತೆ ಹೊಲಿದೆ. ಹಳದಿ ಬಟ್ಟೆಗೆ ಅಷ್ಟು ಜಾಗದಲ್ಲಿ ಮಾತ್ರ ನೀಲಿ ದಾರ ಹಾಕಿದ್ದೆ, ನಿಮ್ಮ ಕಣ್ಣಿಗೆ ಬೀಳಲಿ ಎಂದು. ಬಳೆಯನ್ನು ಒಲೆಗೆ ಹಾಕಿದೆ ಎಂದು ಸಿಟ್ಟಿಗೆ ಬರೆದಿದ್ದು, ನಿಜವಾಗಿ ಹಾಕಿಲ್ಲವಾದರೆ, ನೀಲಿ ಹೊಲಿಗೆ ಕತ್ತರಿಸಿ ಆ ಕೊಳವೆಯನ್ನು ಬೊಮ್ಮಲಿಂಗಪ್ಪನವರಿಗೆ ತಲುಪಿಸಿ, ನನ್ನ ಹೆಸರು ಹೇಳಿಯೇ ತಲುಪಿಸಿ. ಹಾಕಿದ್ದೇ ನಿಜವಾದರೆ ಬೂದಿಯಲ್ಲಿ ಹುಡುಕಬೇಡಿ. ಬೆಳ್ಳಿಯಾದರೆ ಉಳಿದಿರುತ್ತದೆ, ಚೀಟಿ ಉಳಿದಿರುವುದಿಲ್ಲ.